ತೀರಿಹೋದವರಿಗೆ ನಾಲ್ಕು ಸಾಲು

ಊರಿಂದ ಫೋನ್ ಬರುತ್ತದೆ. ಟಿಕೆಟ್ ಸಿಕ್ಕಿ ಊರು ಮುಟ್ಟುವ ಹೊತ್ತಿಗೆ ದಫನ ಮುಗಿದಿರುತ್ತದೆ. ನಮ್ಮಲ್ಲಿ ಮಯ್ಯತ್ತನ್ನು ಹೆಚ್ಚು ಹೊತ್ತು ಇಡುವುದಿಲ್ಲ. ಹಾಗಾಗಿ ಮುಂಬೈ, ಪುಣೆ, ದಿಲ್ಲಿಯಲ್ಲಿ ದುಡಿಯುವ ಎಷ್ಟೋ ಮಕ್ಕಳಿಗೆ ಕೊನೆಯ ಸಲ ಮುಖ ನೋಡಲೂ ಆಗುವುದಿಲ್ಲ. ಹೇಳಬೇಕೆಂದಿದ್ದ ಮಾತು ಒಳಗೇ ಉಳಿದುಬಿಡುತ್ತದೆ. ಆ ಮಾತನ್ನು ಬರೆಯಬಹುದು.

'ಸತ್ತವರು ಓದ್ತಾರಾ?' ಎಂದು ಯಾರಾದರೂ ಕೇಳಿಯಾರು. ಕಬರಸ್ತಾನದಲ್ಲಿ ನಾವು ಹೇಳುವ ಸಲಾಮನ್ನೇ ನೋಡಿ. ಅಲ್ಲಿ ಮಲಗಿರುವವರನ್ನು 'ನೀವು' ಎಂದೇ ಕರೆದು ಶಾಂತಿ ಕೋರುತ್ತೇವೆ. ಅಗಲಿದವರೊಡನೆ ಮಾತಾಡುವುದು ನಮಗೆ ಹೊಸತೇನಲ್ಲ.

ದಿಲ್ಲಿಯ ಮಿರ್ಜಾ ಗಾಲಿಬ್ ಕೂಡ ಹೀಗೆ ಮಾತಾಡಿದವರು. ಅವರ ಮಕ್ಕಳಲ್ಲಿ ಒಬ್ಬರೂ ಬದುಕಿ ಉಳಿಯಲಿಲ್ಲ. ಹೆಂಡತಿಯ ಸೋದರಿಯ ಮಗ, ಕವಿ ಆರಿಫ್‌ನನ್ನು ಸ್ವಂತ ಮಗನಂತೆ ಕಂಡರು. ಆತನೂ 1852ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನಿಗಾಗಿ ಬರೆದ ಪದ್ಯದಲ್ಲಿ ಗಾಲಿಬ್ ಗುಣಗಾನದ ಪಟ್ಟಿ ಮಾಡುವುದಿಲ್ಲ, ಮುನಿಸಿಕೊಳ್ಳುತ್ತಾರೆ. ಒಬ್ಬನೇ ಯಾಕೆ ಹೋದೆ, ಇನ್ನಷ್ಟು ದಿನ ಇರಬಾರದಿತ್ತೇ, ನನ್ನ ಮೇಲೆ ಸಿಟ್ಟಿದ್ದರೂ ನಿನ್ನ ಮಕ್ಕಳ ಆಟವನ್ನಾದರೂ ನೋಡಬಾರದಿತ್ತೇ ಎಂದು ಕೇಳುತ್ತಾರೆ. ಆ ಮಕ್ಕಳನ್ನು ಆಮೇಲೆ ಸಾಕಿದ್ದೂ ಗಾಲಿಬರೇ.

ನಾವು ಬರೆಯುವಾಗಲೂ ಇದನ್ನು ನೆನಪಿಡಬಹುದು. ಮನೆಯಲ್ಲಿ ಹೇಗೆ ಕರೆಯುತ್ತಿದ್ದಿರೋ ಹಾಗೇ ಶುರುಮಾಡಿ: ಉಮ್ಮಾ, ಅಮ್ಮೀ, ಅಬ್ಬಾ. ಬ್ಯಾರಿ, ಉರ್ದು, ನವಾಯತಿ ಮಾತು ಬಂದರೆ ಬರಲಿ, ಕನ್ನಡ ಲಿಪಿಯಲ್ಲೇ ಬರೆಯಿರಿ. 'ತುಂಬಾ ಒಳ್ಳೆಯವರಾಗಿದ್ದಿರಿ' ಎಂಬುದು ಯಾರಿಗಾದರೂ ಸಲ್ಲುವ ಮಾತು. 'ಫೋನ್ ಇಟ್ಟ ಮೇಲೂ ಮತ್ತೆ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳ್ತಿದ್ರಲ್ಲ' ಎಂಬುದು ಒಬ್ಬರಿಗೇ ಸಲ್ಲುವ ಮಾತು. ಜಗಳವಾಗಿದ್ದರೆ ಅದನ್ನೂ ಬರೆಯಿರಿ. ಕ್ಷಮೆ ಕೇಳುವುದಿದ್ದರೆ ಸುತ್ತಿಬಳಸದೆ ಕೇಳಿ. ಅವರು ಹೋದ ಮೇಲೆ ಮನೆಯಲ್ಲಿ ಏನೇನಾಯಿತು ತಿಳಿಸಿ: ಮಗಳು ಎಸ್ಸೆಸ್ಸೆಲ್ಸಿ ಪಾಸಾದದ್ದು, ಹಿತ್ತಲ ಮಾವು ಫಲ ಕೊಟ್ಟದ್ದು. ಕೊನೆಗೆ ಒಂದು ದುಆ ಸಾಕು.

ಬರೆದದ್ದನ್ನು ಸ್ಟೇಟಸ್‌ಗೆ ಹಾಕಲೇಬೇಕೆಂದಿಲ್ಲ. ಆದರೆ ಒಮ್ಮೆ ಓದಿ ನೋಡಿ. ಅವರು ಯಾರಿಗೋ ಕೊಡಬೇಕಿದ್ದ ಸಾಲ, ಅವರನ್ನು ಕಾಣಲು ಬರುತ್ತಿದ್ದ ಹಳೆಯ ಗೆಳತಿ, ನಡುವೆ ಮಾತು ಬಿಟ್ಟ ತಮ್ಮ, ಎಲ್ಲರೂ ಆ ಸಾಲುಗಳಲ್ಲಿ ಸಿಗುತ್ತಾರೆ. ಸಾಲ ತೀರಿಸಿ. ಗೆಳತಿಯನ್ನು ಕಂಡು ಬನ್ನಿ. ತಮ್ಮನಿಗೆ ಫೋನ್ ಮಾಡಿ.