ಇಡೀ ಊರಿಗೆ ಒಂದೇ ಸಲ ಕಾಲುಬಾಯಿ ಲಸಿಕೆ ಏಕೆ?



“ನಮ್ಮ ಹಸು ಚೆನ್ನಾಗಿಯೇ ಇದೆ, ಮುಂದಿನ ತಿಂಗಳು ಹಾಕಿಸುತ್ತೇವೆ ಬಿಡಿ ಡಾಕ್ಟ್ರೇ.” ಲಸಿಕಾ ಅಭಿಯಾನದ ಸಮಯದಲ್ಲಿ ಈ ಮಾತು ಪ್ರತಿ ಊರಿನಲ್ಲೂ ಕೇಳಿಬರುತ್ತದೆ. ಲಸಿಕೆ ಹಾಕಿದ ಮೇಲೆ ಎರಡು ಮೂರು ದಿನ ಹಾಲು ಸ್ವಲ್ಪ ಕಡಿಮೆಯಾಗಬಹುದು ಎಂಬ ಚಿಂತೆ ಸಹಜ. ಆದರೆ ಒಂದು ಮನೆಯವರು ದಿನ ಮುಂದೂಡಿದರೆ ಅದರ ಬೆಲೆಯನ್ನು ಇಡೀ ಊರು ತೆರಬೇಕಾಗಬಹುದು.

ನಿಮ್ಮ ಕೊಟ್ಟಿಗೆ ಒಂಟಿಯಲ್ಲ

ನಿಮ್ಮ ಹಸು ಬೇರೆ ಹಸುಗಳ ಹತ್ತಿರ ಹೋಗದೇ ಇರಬಹುದು. ಆದರೂ ಹಾಲಿನ ಕ್ಯಾನ್, ಮೇವಿನ ಗಾಡಿ, ಕೆರೆಯ ನೀರು, ದನದ ವ್ಯಾಪಾರಿ, ಹಾಲು ಕರೆಯುವವರ ಕೈ, ನಮ್ಮ ಚಪ್ಪಲಿ ಎಲ್ಲವೂ ಒಂದು ಕೊಟ್ಟಿಗೆಯನ್ನು ಇನ್ನೊಂದಕ್ಕೆ ಜೋಡಿಸುತ್ತವೆ. ಕಾಲುಬಾಯಿ ವೈರಾಣು ರೋಗಿಯ ಜೊಲ್ಲು, ಹಾಲು, ಸಗಣಿ, ಉಸಿರಿನಲ್ಲಿ ಹೊರಬರುತ್ತದೆ. ಬಾಯಿಯಲ್ಲಿ ಗುಳ್ಳೆ ಕಾಣುವ ಮೊದಲೇ ಹಸು ರೋಗ ಹರಡಲು ಶುರುಮಾಡಿರುತ್ತದೆ. ಆದ್ದರಿಂದ ರೋಗ ಕಂಡ ಮೇಲೆ ಎಚ್ಚರವಾದರೆ ತಡವಾಗಿರುತ್ತದೆ.

ಒಟ್ಟಿಗೆ ಹಾಕಿದರೆ ಏನು ಲಾಭ?

ಲಸಿಕೆಯ ಶಕ್ತಿ ಬರಲು ಸುಮಾರು ಎರಡು ವಾರ ಬೇಕು. ತಿಂಗಳುಗಳು ಕಳೆದಂತೆ ಅದು ಇಳಿಯುತ್ತದೆ. ಅದಕ್ಕೇ 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 6 ತಿಂಗಳಿಗೊಮ್ಮೆ ಲಸಿಕೆ. ಒಬ್ಬರು ಈ ವಾರ, ಇನ್ನೊಬ್ಬರು ಎರಡು ತಿಂಗಳ ನಂತರ ಹಾಕಿಸಿದರೆ ಊರಿನಲ್ಲಿ ಯಾವಾಗಲೂ ಕೆಲವು ಹಸುಗಳು ರಕ್ಷಣೆಯಿಲ್ಲದೆ ಉಳಿಯುತ್ತವೆ. ವೈರಾಣು ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಬದುಕಿಕೊಳ್ಳುತ್ತದೆ. ಎಲ್ಲಕ್ಕೂ ಒಂದೇ ವಾರದಲ್ಲಿ ಹಾಕಿದರೆ ಅದಕ್ಕೆ ದಾಟಲು ದಾರಿಯೇ ಸಿಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ತೆರೆದ ಸೀಸೆಯನ್ನು ಅದೇ ದಿನ ಬಳಸಿ ಮುಗಿಸಬೇಕು. ಬಿಟ್ಟುಹೋದ ಒಂದು ಹಸುವಿಗಾಗಿ ನಾಳೆಗೆ ಎತ್ತಿಡಲು ಆಗುವುದಿಲ್ಲ.

ಊರಿನ ಪಟ್ಟಿ ಬದಲಾಗುತ್ತಲೇ ಇರುತ್ತದೆ

ಕಳೆದ ಸುತ್ತಿನಲ್ಲಿದ್ದ ಹಸು ಮಾರಾಟವಾಗಿರುತ್ತದೆ, ಸಂತೆಯಿಂದ ಹೊಸದು ಬಂದಿರುತ್ತದೆ, ಕರು ಬೆಳೆದಿರುತ್ತದೆ. ಹಳೆಯ ಪಟ್ಟಿ ಹಿಡಿದು ಬಂದರೆ ಇವೇ ತಪ್ಪಿಹೋಗುತ್ತವೆ. 12 ಅಂಕಿಯ ಕಿವಿಯೋಲೆ ಇರುವುದು ಇದಕ್ಕೇ. ಯಾವ ಹಸುವಿಗೆ ಯಾವಾಗ ಲಸಿಕೆ ಆಯಿತು ಎಂಬುದು ಆ ಸಂಖ್ಯೆಯಲ್ಲಿ ದಾಖಲಾಗುತ್ತದೆ. ಆದರೆ ಹೊಸ ಹಸು ಬಂದ ಸುದ್ದಿ ಮೊದಲು ಗೊತ್ತಾಗುವುದು ನಿಮಗೆ.

ನೀವು ಮಾಡಬೇಕಾದದ್ದು

• ಅಭಿಯಾನದ ದಿನಾಂಕವನ್ನು ಸಂಘದಲ್ಲಿ ಕೇಳಿ, ಅಕ್ಕಪಕ್ಕದ ಮನೆಗೂ ತಿಳಿಸಿ. ಅಂದು ದನಗಳನ್ನು ಮೇಯಲು ಬಿಡಬೇಡಿ.
• 4 ತಿಂಗಳು ತುಂಬಿದ ಕರುವಿಗೆ ಮೊದಲ ಲಸಿಕೆ, ಒಂದು ತಿಂಗಳ ನಂತರ ಮತ್ತೊಮ್ಮೆ ಹಾಕಿಸಿ.
• ಜ್ವರ ಇದ್ದರೆ ಅಥವಾ ಹಸು ತುಂಬು ಗರ್ಭದಲ್ಲಿದ್ದರೆ ಮೊದಲೇ ಹೇಳಿ. ಆ ಹೆಸರನ್ನು ಬರೆಸಿ, ನಂತರ ತಪ್ಪದೆ ಹಾಕಿಸಿ.
• ಹೊಸ ಹಸುವನ್ನು 3 ವಾರ ಬೇರೆ ಕಟ್ಟಿ. ಅದರ ಕೆಲಸವನ್ನು ಕೊನೆಯಲ್ಲಿ ಮಾಡಿ, ಕೈಕಾಲು ತೊಳೆದುಕೊಳ್ಳಿ.
• ಜೊಲ್ಲು, ಕುಂಟು, ಗುಳ್ಳೆ ಕಂಡರೆ ಅಂದೇ ತಿಳಿಸಿ. 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡ ಬೆರೆಸಿ ನೆಲ ತೊಳೆಯಿರಿ.

ಲಸಿಕೆ ಹಾಕಿದ ಜಾಗದಲ್ಲಿ ಸಣ್ಣ ಊತ ಬರಬಹುದು, ಇಳಿಯುತ್ತದೆ. ಹಾಲನ್ನು ಎಂದಿನಂತೆ ಬಳಸಬಹುದು. ಎರಡು ದಿನದ ಹಾಲಿನ ಕೊರತೆ ತುಂಬಿಕೊಳ್ಳುತ್ತದೆ. ರೋಗ ಬಂದ ಹಸು ಆ ಸೂಲಿನಲ್ಲಿ ಮೊದಲಿನ ಹಾಲಿಗೆ ಬರುವುದು ಕಷ್ಟ, ಎಳೆಗರುಗಳು ಗುಳ್ಳೆ ಕಾಣುವ ಮೊದಲೇ ಸಾಯುವುದೂ ಉಂಟು.

ನಿಮ್ಮ ಅಜ್ಜಿಯರು ಹೆದರುತ್ತಿದ್ದ ದೊಡ್ಡರೋಗ 2011ರಲ್ಲಿ ಇಡೀ ಜಗತ್ತಿನಿಂದಲೇ ನಿರ್ಮೂಲವಾಯಿತು. ಊರೂರಿಗೆ ಒಟ್ಟಾಗಿ ಲಸಿಕೆ ಹಾಕಿಸಿದ್ದು ಅದಕ್ಕೆ ದೊಡ್ಡ ಕಾರಣ. ಮುಂದಿನ ಸುತ್ತಿನಲ್ಲಿ ನಿಮ್ಮ ಬೀದಿಯ ಒಂದು ಕೊಟ್ಟಿಗೆಯೂ ಬಿಟ್ಟುಹೋಗದಂತೆ ನೋಡಿಕೊಳ್ಳಿ.