ಕಾರ್ಟೂನ್ ನಕ್ಷೆಯಲ್ಲಿ ಮೊಳಕಾಲ್ಮೂರು ಎಲ್ಲಿ ಹೋಯ್ತು?

ಹೋದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಿಂದ ಗೋಡೆ ಮೇಲೆ ಒಂದು ದೊಡ್ಡ ಕಾರ್ಟೂನ್ ಬಿಡಿಸಿದ್ವಿ. ಕರ್ನಾಟಕದ ನಕ್ಷೆಗೇ ಕಣ್ಣು, ಮೀಸೆ, ತಲೆಗೊಂದು ಪೇಟ, ಕೈಯಲ್ಲಿ ಲ್ಯಾಪ್‌ಟಾಪ್. ಐಡಿಯಾ ಅಂಥ ಹೊಸದೇನಲ್ಲ, ಆದ್ರೂ ಚೆನ್ನಾಗೇ ಬಂದಿತ್ತು. ಎಲ್ಲರೂ ಮುಂದೆ ನಿಂತು ಸೆಲ್ಫಿ ತಗೊಂಡ್ರು. ಸಂಜೆ ಮೊದಲ ವರ್ಷದ ಒಬ್ಬ ಹುಡುಗಿ ಬಂದು ಬಲಗಡೆಯ ಗೆರೆ ಮೇಲೆ ಬೆರಳಿಟ್ಟು, "ಅಣ್ಣಾ, ಇದ್ರಲ್ಲಿ ನಮ್ಮೂರು ಎಲ್ಲಿದೆ?" ಅಂದಳು. ಅವಳದು ಮೊಳಕಾಲ್ಮೂರು. ನನ್ನದು ಪಕ್ಕದ ಚಳ್ಳಕೆರೆ.

ಗೆರೆ ಎಳೆದವನು ನಾನೇ. ಬಳ್ಳಾರಿಯಿಂದ ಕೋಲಾರದವರೆಗೆ ಒಂದೇ ಏಟಿಗೆ, ಕುಡುಗೋಲಿನ ಒಳಮೈ ಥರ ಬಾಗಿಸಿ ಎಳೆದಿದ್ದೆ. ಪಾವಗಡ ಪೂರ್ತಿ ಹೊರಗೆ ಬಿದ್ದಿತ್ತು. ಮೊಳಕಾಲ್ಮೂರು ಬ್ರಷ್ಷಿನ ದಪ್ಪದ ಅಡಿಗೆ ಹೋಗಿತ್ತು. ಲೆಕ್ಕ ಹಾಕಿ ನೋಡಿ: ಕರ್ನಾಟಕ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿ.ಮೀ. ಅದನ್ನು ಒಂದೂವರೆ ಮೀಟರ್ ಗೋಡೆಯಲ್ಲಿ ಬಿಡಿಸಿದರೆ 1 ಸೆಂ.ಮೀ.ಗೆ 5 ಕಿ.ಮೀ. ನನ್ನ ಬ್ರಷ್ಷಿನ ಗೆರೆ ಒಂದೂವರೆ ಸೆಂಟಿಮೀಟರ್ ದಪ್ಪ, ಅಂದ್ರೆ ಏಳೂವರೆ ಕಿಲೋಮೀಟರ್ ಅಗಲದ ಗಡಿ! ಮೊಳಕಾಲ್ಮೂರಿನಿಂದ ಆಂಧ್ರದ ರಾಯದುರ್ಗಕ್ಕೇ ಇಪ್ಪತ್ತು ಕಿ.ಮೀ. ಒಳಗೆ. ಗಡಿ ಅದಕ್ಕಿಂತ ಹತ್ತಿರ. ಊರು ಉಳಿಯೋದು ಹೇಗೆ?

ಆಮೇಲೆ ಪೇಪರ್‌ಗಳಲ್ಲಿ ಬರೋ ಕಾರ್ಟೂನ್‌ಗಳನ್ನು ಗಮನಿಸೋಕೆ ಶುರು ಮಾಡಿದೆ. ಕಾವೇರಿ ಗಲಾಟೆ ಇರಲಿ, ಚುನಾವಣೆ ಇರಲಿ, ಬಜೆಟ್ ಇರಲಿ, ರಾಜ್ಯದ ನಕ್ಷೆ ಬಂದಾಗೆಲ್ಲ ನಾನು ನೋಡಿದ ಮಟ್ಟಿಗೆ ಪೂರ್ವದ ಅಂಚು ಹೀಗೇ ನುಣ್ಣಗೆ. ಕರಾವಳಿ ಸರಿಯಾಗಿರುತ್ತೆ. ಬೀದರಿನ ಕಿರೀಟ ಇರುತ್ತೆ. ಚಾಮರಾಜನಗರದ ತುದಿ ಇರುತ್ತೆ. ನಮ್ಮ ಕಡೆ ಮಾತ್ರ ಇಸ್ತ್ರಿ ಹೊಡೆದ ಹಾಗೆ.

ಇದಕ್ಕೆ ಕಾರ್ಟೂನಿಸ್ಟರನ್ನು ಬೈಯೋದು ಸುಲಭ, ಆದ್ರೆ ಕಾರಣ ಬೇರೆ ಇದೆ. ನಕ್ಷೆ ಮಾಡೋರು ಎಲ್ಲರೂ ಇದನ್ನು ಮಾಡ್ತಾರೆ, ಮಾಡಲೇಬೇಕು. ಕಂಪ್ಯೂಟರ್ ಸೈನ್ಸ್‌ನವರಿಗೆ ಡಗ್ಲಸ್-ಪ್ಯೂಕರ್ ಆಲ್ಗಾರಿದಮ್ ಗೊತ್ತಿರಬಹುದು, 1973ರದ್ದು. ಸಾವಿರಾರು ಬಿಂದುಗಳಿರೋ ಒಂದು ಅಂಕುಡೊಂಕು ಗೆರೆ ತಗೊಳ್ಳಿ. ಎರಡು ತುದಿಗಳ ನಡುವೆ ನೇರ ಗೆರೆ ಎಳೀರಿ. ಅದರಿಂದ ಅತಿ ದೂರದಲ್ಲಿರೋ ಬಿಂದು ಯಾವುದು ಅಂತ ನೋಡಿ. ಆ ದೂರ ನೀವು ಮೊದಲೇ ಹೇಳಿಟ್ಟ ಮಿತಿಗಿಂತ ಜಾಸ್ತಿ ಇದ್ರೆ ಬಿಂದುವನ್ನು ಉಳಿಸಿಕೊಂಡು, ಗೆರೆಯನ್ನು ಅಲ್ಲಿ ಎರಡು ತುಂಡು ಮಾಡಿ, ಪ್ರತಿ ತುಂಡಿಗೂ ಅದೇ ಕೆಲಸ ಮತ್ತೆ ಮಾಡಿ. ಕಮ್ಮಿ ಇದ್ರೆ ನಡುವಿನ ಬಿಂದುಗಳನ್ನೆಲ್ಲ ಎಸೆದುಬಿಡಿ. ಅಷ್ಟೇ. ಮಿತಿಯನ್ನು ಏರಿಸ್ತಾ ಹೋದ ಹಾಗೆ ಮೊದಲು ಹಳ್ಳಿಯ ತಿರುವುಗಳು ಹೋಗ್ತವೆ, ಆಮೇಲೆ ಹೋಬಳಿ, ಆಮೇಲೆ ತಾಲ್ಲೂಕು. ಮೊಬೈಲಲ್ಲಿ ನಕ್ಷೆಯನ್ನು ಚಿಕ್ಕದು ಮಾಡಿದಾಗ ಗಡಿ ಒರಟಾಗೋದು ಇಂಥದೇ ಲೆಕ್ಕದಿಂದ. ಕಾರ್ಟೂನಿಸ್ಟ್ ಇದನ್ನೇ ಕೈಯಲ್ಲಿ ಮಾಡ್ತಾನೆ. ಅವನ ಮಿತಿ ಅಂದ್ರೆ ಓದುಗ ಎರಡು ಸೆಕೆಂಡಲ್ಲಿ "ಓ, ಕರ್ನಾಟಕ" ಅನ್ನಬೇಕು, ಅಷ್ಟು ಸಾಕು.

ಆದ್ರೆ ನನಗೆ ಒಂದು ವಿಷಯ ಅರ್ಥವಾಗಲಿಲ್ಲ. ಮುಖದ ವಿಚಾರಕ್ಕೆ ಬಂದ್ರೆ ಇದೇ ಕಾರ್ಟೂನಿಸ್ಟ್ ತದ್ವಿರುದ್ಧ ಮಾಡ್ತಾನೆ! ಮಂತ್ರಿಯ ಮೂಗು ಸ್ವಲ್ಪ ಉದ್ದ ಇದ್ರೆ ಅದನ್ನು ಇನ್ನೂ ಎಳೀತಾನೆ. ಕಿವಿ ಅಗಲ ಇದ್ರೆ ಮೊರ ಮಾಡ್ತಾನೆ. ಬೇರೆಯವರಲ್ಲಿ ಇಲ್ಲದ್ದನ್ನು ಹಿಡಿಯೋದೇ ವ್ಯಂಗ್ಯಚಿತ್ರ. ಹಾಗಿದ್ರೆ ನಕ್ಷೆಯಲ್ಲಿ ಮಾತ್ರ ಯಾಕೆ ಮೂಗನ್ನು ಕೊಯ್ದುಹಾಕ್ತಾನೆ? ನನಗೆ ತೋಚೋದು ಇದು: ಮುಖದಲ್ಲಿ ಮೂಗೇ ವಿಷಯ. ನಕ್ಷೆ ಬಂದಾಗ ಸಾಮಾನ್ಯವಾಗಿ ನಕ್ಷೆ ವಿಷಯವಲ್ಲ, ಅದೊಂದು ಹೆಸರಿನ ಫಲಕ. ನಕ್ಷೆಯೇ ವಿಷಯವಾದಾಗ ಮೂಗು ವಾಪಸ್ ಬರುತ್ತೆ.

ಅದಕ್ಕೆ ಒಳ್ಳೇ ಉದಾಹರಣೆ 1812ರ ಅಮೆರಿಕದ್ದು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಗವರ್ನರ್ ಎಲ್‌ಬ್ರಿಡ್ಜ್ ಗೆರಿ ಸಹಿ ಹಾಕಿದ ಕಾಯ್ದೆಯಿಂದ ಒಂದು ಕ್ಷೇತ್ರದ ಆಕಾರ ಹಾವಿನ ಹಾಗೆ ಸುತ್ತಿಕೊಂಡು ಹೋಗಿತ್ತು, ಅವರ ಪಕ್ಷಕ್ಕೆ ಅನುಕೂಲವಾಗಲಿ ಅಂತ. ಬಾಸ್ಟನ್ ಗೆಜೆಟ್ ಪತ್ರಿಕೆ ಆ ನಕ್ಷೆಗೇ ರೆಕ್ಕೆ, ಉಗುರು, ಹಲ್ಲು ಬರೆದು, ಸಾಲಮ್ಯಾಂಡರ್ ಅನ್ನೋ ಪ್ರಾಣಿಯ ಹೆಸರಿಗೆ ಗೆರಿಯ ಹೆಸರು ಸೇರಿಸಿ 'ಗೆರಿಮ್ಯಾಂಡರ್' ಅಂತ ಕರೀತು. ನಾವು ಇವತ್ತು ಜೆರಿಮ್ಯಾಂಡರಿಂಗ್ ಅನ್ನೋದು ಅದನ್ನೇ. ಅಲ್ಲಿ ಕಾರ್ಟೂನಿಸ್ಟ್ ಗೆರೆಯನ್ನು ನುಣ್ಣಗೆ ಮಾಡಿದ್ದರೆ ಜೋಕೇ ಸತ್ತುಹೋಗ್ತಿತ್ತು.

ನಮ್ಮ ಕ್ಷೇತ್ರಗಳಲ್ಲಿ ಅಂಥ ಕುತಂತ್ರ ಇದೆ ಅಂತ ನಾನು ಹೇಳ್ತಿಲ್ಲ. ಆದ್ರೆ ಇಲ್ಲೂ ಮತದ ನಕ್ಷೆ ಬೇರೆ, ಕಚೇರಿಯ ನಕ್ಷೆ ಬೇರೆ. ನಾಯಕನಹಟ್ಟಿ ಇರೋದು ಚಳ್ಳಕೆರೆ ತಾಲ್ಲೂಕಲ್ಲಿ, ಓಟು ಹಾಕೋದು ಮೊಳಕಾಲ್ಮೂರು ಕ್ಷೇತ್ರಕ್ಕೆ. ಪಹಣಿಗೆ ಒಂದು ದಿಕ್ಕು, ಶಾಸಕರನ್ನು ಹುಡುಕೋಕೆ ಇನ್ನೊಂದು ದಿಕ್ಕು.

ಈಗ ಆ ಕಾಣೆಯಾದ ಅಂಚಿನ ಕಥೆ. ಹಳೇ ಮೈಸೂರು ಸಂಸ್ಥಾನದ ನಕ್ಷೆ ನೋಡಿದ್ದೀರಾ? ಅದರಲ್ಲಿ ಈಶಾನ್ಯಕ್ಕೆ ಒಂದು ಕೊಂಬು ಎದ್ದಿರುತ್ತೆ. ಅದೇ ಮೊಳಕಾಲ್ಮೂರು. ಸಂಸ್ಥಾನದ ಉತ್ತರದ ತುತ್ತತುದಿ, ಸುಮಾರು 15 ಡಿಗ್ರಿ ಅಕ್ಷಾಂಶ. ಕೊಂಬಿನ ಆಚೆ ಬಳ್ಳಾರಿ, ರಾಯದುರ್ಗ ಎರಡೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಆಗ ಮೈಸೂರಿನ ವ್ಯಂಗ್ಯಚಿತ್ರ ಬರೆಯೋನಿಗೆ ಆ ಕೊಂಬನ್ನು ಬಿಡೋಕೆ ಆಗ್ತಿರಲಿಲ್ಲ, ಅದಿಲ್ಲದೆ ಮೈಸೂರು ಮೈಸೂರಿನ ಹಾಗೆ ಕಾಣಲ್ಲ.

1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದ್ವು, ಉಳಿದದ್ದು ಮೈಸೂರಿಗೆ ಬಂತು. 1956ರ ನವೆಂಬರ್ 1ಕ್ಕೆ ಉತ್ತರದ ಜಿಲ್ಲೆಗಳೂ ಸೇರಿದ್ವು. ಆಗ ಕೊಂಬಿನ ಗತಿ ಏನಾಯ್ತು? ಮೇಲೆ ಬಳ್ಳಾರಿ ಬಂದು ಕೂತಿತು, ಬಲಗಡೆ ರಾಯದುರ್ಗ ಆಂಧ್ರದ ಬೆಣೆಯಾಗಿ ಒಳಗೆ ಚುಚ್ಚಿಕೊಂಡಿತು. ಹೊರಗೆ ಚಾಚಿದ್ದ ಕೊಂಬು ಒಳಗೆ ತಗ್ಗಿದ ಕಚ್ಚಿನ ತಳವಾಯ್ತು. ಮೊಳಕಾಲ್ಮೂರು ಒಂದಿಂಚೂ ಅಲುಗಲಿಲ್ಲ, ಆದ್ರೆ ಚಿತ್ರದಲ್ಲಿ ಅದರ ಪಾತ್ರವೇ ಬದಲಾಯ್ತು. ಇನ್ನು ಪಾವಗಡದ ಮೂರು ಕಡೆ ಆಂಧ್ರ. ಜಿಲ್ಲೆ ತುಮಕೂರಾದ್ರೂ ಆ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ನಮ್ಮ ಚಿತ್ರದುರ್ಗದ ಕಡೆಯಿಂದಲೇ ಕರ್ನಾಟಕಕ್ಕೆ ನೇತುಹಾಕಿಕೊಂಡಿದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮೊಳಕಾಲ್ಮೂರು-ರಾಯದುರ್ಗದ ನಡುವಿನ ಗೆರೆ ಸಂಸ್ಥಾನದ ಕಾಲದ್ದು, ಹಳೇದು. ಬಳ್ಳಾರಿ-ರಾಯದುರ್ಗದ ನಡುವಿನದು 1953ರವರೆಗೆ ಬರೀ ತಾಲ್ಲೂಕು ಗಡಿ, ಒಂದೇ ಜಿಲ್ಲೆಯ ಒಳಗಿನ ವ್ಯವಹಾರ. ರಾತ್ರೋರಾತ್ರಿ ಅದು ರಾಜ್ಯದ ಗಡಿ ಆಯ್ತು. ಐವತ್ತು ವರ್ಷ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಕಬ್ಬಿಣದ ಅದಿರಿನ ಬೆಲೆ ಏರಿದ ಮೇಲೆ ಓಬಳಾಪುರಂ ಹತ್ತಿರ ಗಡಿ ಗುರುತುಗಳನ್ನೇ ಅಳಿಸಿ ಗಣಿಗಾರಿಕೆ ನಡೆದಿದೆ ಅನ್ನೋ ಆರೋಪ ಬಂತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು, ಗಡಿ ಗುರುತಿಸೋ ಕೆಲಸ ಸರ್ವೆ ಆಫ್ ಇಂಡಿಯಾಗೆ ಬಿತ್ತು. ಕಾರ್ಟೂನಿನಲ್ಲಿ ಗೆರೆ ಒರೆಸೋಕೆ ಒಂದು ರಬ್ಬರ್ ಸಾಕು. ನೆಲದ ಮೇಲೆ ಒರೆಸೋಕೆ ಜೆಸಿಬಿ ಬೇಕು, ಅಷ್ಟೇ ವ್ಯತ್ಯಾಸ.

ಬೆಳಗಾವಿ, ಕಾಸರಗೋಡು ಅಂದ್ರೆ ಕಾರ್ಟೂನಿಸ್ಟರ ಕೈ ಗಡಿಯ ಮೇಲೆ ತಾನಾಗೇ ಹುಷಾರಾಗುತ್ತೆ. ಅಲ್ಲಿ ಜಗಳ ಇದೆ. ನಮ್ಮ ಕಡೆ ಜನ ಬೆಳಿಗ್ಗೆ ರಾಯದುರ್ಗಕ್ಕೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರ್ತಾರೆ, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಜಗಳ ಇಲ್ಲದ ಗಡಿಗೆ ಕಾರ್ಟೂನಿನಲ್ಲಿ ಜಾಗ ಇಲ್ಲ ಅಂತ ಕಾಣುತ್ತೆ.

ದೇಶದ ಗಡಿ ಅಂತೂ ಇನ್ನೂ ಸೂಕ್ಷ್ಮ. 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಗೆ 1990ರಲ್ಲಿ ಸೇರಿಸಿದ ನಿಯಮದ ಪ್ರಕಾರ, ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2011ರ ಮೇ ತಿಂಗಳಲ್ಲಿ ದಿ ಎಕನಾಮಿಸ್ಟ್ ಪತ್ರಿಕೆ ಇಲ್ಲಿ ಹಂಚೋ ಸಾವಿರಾರು ಪ್ರತಿಗಳಲ್ಲಿ ಕಾಶ್ಮೀರದ ನಕ್ಷೆಯ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಬೇಕಾಯ್ತು. ಹಾಗಾಗಿ ಕಾಲೇಜು ಮ್ಯಾಗಜಿನ್‌ಗೆ ಭಾರತದ ನಕ್ಷೆ ಬಿಡಿಸೋ ತಮ್ಮ-ತಂಗಿಯರೇ, ನೆನಪಿನಿಂದ ಬಿಡಿಸಬೇಡಿ.

ಇಷ್ಟು ಹೊತ್ತು ಗೆರೆಯ ಮಾತಾಯ್ತು. ಗೆರೆ ಬಿಟ್ರೆ ಕಾರ್ಟೂನಿಸ್ಟ್ ಹತ್ರ ಇರೋದು ಖಾಲಿ ಜಾಗ ಒಂದೇ. ಮೊಳಕಾಲ್ಮೂರು ಗೆರೆಯ ಅಡಿಗೆ ಸಿಕ್ಕಿದ್ರೆ, ನಮ್ಮ ಚಳ್ಳಕೆರೆ ಆ ಖಾಲಿ ಜಾಗದಲ್ಲಿ ಸಿಕ್ಕಿಕೊಂಡಿದೆ.

ಹಳೇ ಯುರೋಪಿನ ನಕ್ಷೆಗಾರರು ಆಫ್ರಿಕಾದ ಒಳನಾಡು ಗೊತ್ತಿಲ್ಲದಾಗ ಅಲ್ಲಿ ಆನೆ ಬರೆದು ತುಂಬಿಸ್ತಿದ್ರು. ಜೋನಾಥನ್ ಸ್ವಿಫ್ಟ್ 1733ರಲ್ಲೇ ಇದನ್ನು ಗೇಲಿ ಮಾಡಿದ್ದ. ನಮ್ಮ ಕಾಲದಲ್ಲಿ ಉಲ್ಟಾ. ಅಲ್ಲಿ ಇರೋದನ್ನೂ ಬರೆಯಲ್ಲ. ಚಳ್ಳಕೆರೆ ತಾಲ್ಲೂಕಿನ ದೊಡ್ಡ ಉಳ್ಳಾರ್ತಿ, ಕುದಾಪುರದ ಕಾವಲ್‌ಗಳನ್ನು ನಕ್ಷೆಯಲ್ಲಿ ನೋಡಿ. ಮನೆ ಇಲ್ಲ, ಕೆರೆ ಕಮ್ಮಿ, ಮರ ಕಮ್ಮಿ. 'ಬರಡು' ಅಂತ ಬಣ್ಣ ಹಚ್ಚೋಕೆ ಹೇಳಿ ಮಾಡಿಸಿದ ಹಾಗಿದೆ. ಆದ್ರೆ ಅದು ಅಮೃತಮಹಲ್ ಕಾವಲು. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ, ಆ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳಿವು. ಕೃಷ್ಣಮೃಗ ಇದೆ. ಸುತ್ತಲಿನ ಹಳ್ಳಿಗಳ ದನ-ಕುರಿ ಮೇಯೋದು ಅಲ್ಲೇ. ನಮ್ಮ ಕಡೆಯ ಕಂಬಳಿಯ ಉಣ್ಣೆ ಇಂಥ ಹುಲ್ಲಿನಿಂದಲೇ ಬಂದದ್ದು.

ಅಲ್ಲೇ ಈಗ ನಾವು ಹೆಮ್ಮೆಯಿಂದ ಹೇಳ್ಕೊಳ್ಳೋ 'ಸೈನ್ಸ್ ಸಿಟಿ'. ಡಿಆರ್‌ಡಿಓಗೆ 4,290 ಎಕರೆ, ಬಾರ್ಕ್‌ಗೆ 1,810, ಐಐಎಸ್‌ಸಿಗೆ 1,500, ಇಸ್ರೋಗೆ 573. ನಾನೂ ಹೆಮ್ಮೆಪಡೋನೇ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ತಾನೇ ದಾರಿ ನೋಡಿಕೊಂಡು ಇಳಿದದ್ದು ನಮ್ಮ ತಾಲ್ಲೂಕಿನ ರನ್‌ವೇ ಮೇಲೆ. ಹಾಸ್ಟೆಲಿನಲ್ಲಿ ಎಲ್ಲರಿಗೂ ವಿಡಿಯೋ ತೋರಿಸಿದ್ದು ನಾನೇ. ಆದ್ರೆ ಕಾವಲಿಗೆ ಗೋಡೆ ಬಂದ ಮೇಲೆ ಕುರಿ ಕಾಯೋರು ಎಲ್ಲಿ ಹೋಗಬೇಕು ಅನ್ನೋ ಪ್ರಶ್ನೆಯೂ ಅದೇ ಊರಿನದು. ಅದು ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಜಾಗ ಖಾಲಿ ಅಂತ ನಕ್ಷೆಯಲ್ಲಿ ಕಂಡದ್ದರಿಂದಲೇ ಕೊಡೋದು ಸುಲಭವಾಯ್ತು ಅಂತ ನನ್ನ ಗುಮಾನಿ. ಒಬ್ಬ ಕಾರ್ಟೂನಿಸ್ಟ್ ಆ ಖಾಲಿ ಜಾಗದಲ್ಲಿ ಒಂದು ಕುರಿ, ಒಂದು ಕಂಬಳಿ ಬರೆದಿದ್ದರೆ? ರಾಕೆಟ್ಟಿನ ಪಕ್ಕದಲ್ಲೇ ಬರೆದಿದ್ದರೂ ಪರವಾಗಿಲ್ಲ, ಚಿತ್ರ ಇನ್ನೂ ಚೆನ್ನಾಗಿರ್ತಿತ್ತು.

ಜಾಗ ಹಂಚೋದನ್ನು ಹಾಸ್ಯ ಮಾಡಿದ ಚಿತ್ರಗಳು ಬೇಕಾದಷ್ಟಿವೆ. ಗಿಲ್‌ರೇ 1805ರಲ್ಲಿ ಬರೆದದ್ದರಲ್ಲಿ ಪಿಟ್ ಮತ್ತು ನೆಪೋಲಿಯನ್ ಊಟದ ಟೇಬಲ್ಲಿಗೆ ಕೂತು ಭೂಮಂಡಲವನ್ನೇ ಪುಡ್ಡಿಂಗ್ ಥರ ಕೊಯ್ತಿರ್ತಾರೆ. ಆದ್ರೆ ಇವೆಲ್ಲ ದೊಡ್ಡೋರ ಕಡೆಯಿಂದ ನೋಡಿದ ನಕ್ಷೆಗಳು. ಚಿಕ್ಕ ಊರಿನ ಕಡೆಯಿಂದ ನೋಡಬೇಕಂದ್ರೆ ಆಸ್ಟರಿಕ್ಸ್ ಕಾಮಿಕ್ಸ್ ತೆಗೀರಿ. ಪುಸ್ತಕದ ಶುರುವಿನಲ್ಲೇ ಇಡೀ ಗಾಲ್ ದೇಶದ ನಕ್ಷೆ, ಎಲ್ಲಾ ರೋಮನ್ನರದ್ದು. ಒಂದು ಮೂಲೆಯಲ್ಲಿ ಭೂತಗನ್ನಡಿ. ಕನ್ನಡಿಯ ಕೆಳಗೆ ಸೋಲದ ಒಂದು ಹಳ್ಳಿ, ಸುತ್ತ ನಾಲ್ಕು ರೋಮನ್ ಶಿಬಿರ. ಇಡೀ ನಕ್ಷೆಗೆ ಒಂದು ಅಳತೆ, ಆ ಹಳ್ಳಿಗೆ ಮಾತ್ರ ಬೇರೆ ಅಳತೆ. ನುಣ್ಣಗೆ ಮಾಡೋ ಸಮಸ್ಯೆಗೆ ಇದಕ್ಕಿಂತ ಸರಳ ಉಪಾಯ ನಾನು ನೋಡಿಲ್ಲ. ಸಾಲ್ ಸ್ಟೈನ್‌ಬರ್ಗ್ 1976ರಲ್ಲಿ ನ್ಯೂಯಾರ್ಕರ್ ಪತ್ರಿಕೆಯ ಮುಖಪುಟಕ್ಕೆ ಬರೆದದ್ದೂ ಹೀಗೇ. ಮ್ಯಾನ್‌ಹಟನ್ನಿನ ಎರಡು ಬೀದಿ ಅರ್ಧ ಪುಟ, ಉಳಿದ ಅಮೆರಿಕ ಒಂದು ಚಾಪೆಯಷ್ಟು, ಪೆಸಿಫಿಕ್ ಸಾಗರ ಒಂದು ಕಾಲುವೆಯಷ್ಟು, ಆಚೆ ಚೀನಾ, ಜಪಾನ್. ಚಳ್ಳಕೆರೆ ಬಸ್ ಸ್ಟ್ಯಾಂಡಿನಿಂದ ಅಂಥದ್ದೊಂದು ಬರೆದರೆ ಮುಂದೆ ಎಣ್ಣೆ ಮಿಲ್ಲುಗಳು, ಶೇಂಗಾ ಚೀಲ, ಆಚೆ ವೇದಾವತಿಯ ಮರಳು, ಅದರಾಚೆ ಚುಕ್ಕಿಯಷ್ಟು ಬೆಂಗಳೂರು.

ಅಂದ ಹಾಗೆ, ಮೊಳಕಾಲ್ಮೂರು ಯಾವತ್ತೂ ಬಿಟ್ಟುಹೋಗದ ಒಂದು ನಕ್ಷೆ ಇದೆ, ಹೈಸ್ಕೂಲ್ ಪಠ್ಯದ ಅಶೋಕನ ಸಾಮ್ರಾಜ್ಯ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಶಾಸನಗಳೂ ಇದೇ ತಾಲ್ಲೂಕಿನಲ್ಲಿ. ದಕ್ಷಿಣದಲ್ಲಿ ಮೂರು ಚುಕ್ಕಿ ಒಂದರ ಮೇಲೊಂದು ಬಿದ್ದು ಹೆಸರು ಓದೋಕೆ ಆಗಲ್ಲ. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಶಾಸನದಲ್ಲಿ ಈ ಊರಿನ ಹೆಸರು ಇಸಿಲ. ಆ ಹುಡುಗಿಗೆ ಇದನ್ನು ಹೇಳಿದೆ. "ಅದು ಸರಿ ಅಣ್ಣಾ, ಆದ್ರೆ ಗೋಡೆ ಮೇಲೆ ಇಲ್ವಲ್ಲ" ಅಂದಳು.

ಈ ವರ್ಷದ ಚಿತ್ರಕ್ಕೆ ಪೆನ್ಸಿಲನ್ನು ಅವಳ ಕೈಗೇ ಕೊಟ್ವಿ. ಕರಾವಳಿಯಿಂದ ಶುರು ಮಾಡೋ ಅಭ್ಯಾಸ ಬಿಟ್ಟು ರಾಯದುರ್ಗದ ಬೆಣೆಯಿಂದ ಶುರು ಮಾಡಿದ್ದಾಳೆ. ಪಾವಗಡ ಅಂಗೈಯಷ್ಟು ದೊಡ್ಡದಾಗಿದೆ, ಮೊಳಕಾಲ್ಮೂರಿನಲ್ಲಿ ಒಂದು ರೇಷ್ಮೆ ಸೀರೆ ಒಣಹಾಕಿದೆ, ಚಳ್ಳಕೆರೆಯಲ್ಲಿ ಕುರಿ ನಿಂತು ರಾಕೆಟ್ ನೋಡ್ತಿದೆ. ಎಡಗಡೆ ಗೋಡೆ ಸಾಲದೆ ಕಾರವಾರ ಕಿಟಕಿ ಚೌಕಟ್ಟಿನ ಮೇಲೆ ಹೋಗಿದೆ. ಉತ್ತರ ಕನ್ನಡದ ಹುಡುಗರು ಈಗಾಗ್ಲೇ ಕೇಳ್ಕೊಂಡು ಬಂದಿದ್ದಾರೆ.