ಸರ್ವರ್ ಡೌನ್ ಆದರೆ ಅಂಗಡಿಯೂ ಡೌನ್!

ಹರಪನಹಳ್ಳಿ: 'ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ' ಎಂಬ ಮಾತನ್ನು ನಾಡಕಚೇರಿಯಲ್ಲೋ ರೇಷನ್ ಅಂಗಡಿಯಲ್ಲೋ ಕೇಳದವರು ಯಾರು? ಸ್ವಂತ ವೆಬ್‌ಸೈಟ್ ಮಾಡಿಸುವ ಪೇಟೆ ವ್ಯಾಪಾರಸ್ಥರಿಗೂ ಈಗ ಅದರ ಬಿಸಿ ತಟ್ಟಬಹುದು.

ವೆಬ್‌ಸೈಟ್ ಅಂದರೆ ಅಂಗಡಿ. ಹೋಸ್ಟಿಂಗ್ ಅಂದರೆ ಅದು ಕೂತಿರುವ ಬಾಡಿಗೆ ಮಳಿಗೆ. ಗೂಗಲ್‌ನ ಯಂತ್ರ ಆಗಾಗ ಬಂದು ಈ ಅಂಗಡಿ ನೋಡಿ ಹೋಗುತ್ತದೆ. ಬಂದಾಗಲೆಲ್ಲ ಷಟರ್ ಇಳಿದಿದ್ದರೆ ಬರುವುದನ್ನೇ ಕಡಿಮೆ ಮಾಡುತ್ತದೆ. ದಿನಗಟ್ಟಲೆ ಹೀಗೇ ಆದರೆ ಪಟ್ಟಿಯಿಂದ ಹೆಸರೇ ಹೋದೀತು. ಆಮೇಲೆ ಗಿರಾಕಿ ಹುಡುಕಿದರೆ ಸಿಗುವುದು ಎದುರಂಗಡಿ!

ತೀರ ನಿಧಾನವಾಗಿ ತೆರೆಯುವ ಸೈಟಿಗೂ ಪೆಟ್ಟು ಉಂಟು. ಗೂಗಲ್ ವೇಗವನ್ನು ಲೆಕ್ಕಕ್ಕೆ ಹಿಡಿದದ್ದು 2010ರಲ್ಲಿ. ಮೊಬೈಲ್ ಹುಡುಕಾಟಕ್ಕೆ 2018ರಲ್ಲಿ. ಎಚ್‌ಟಿಟಿಪಿಎಸ್ ಎಂಬ ಭದ್ರ ಸಂಪರ್ಕಕ್ಕೂ 2014ರಿಂದ ಅಲ್ಪಸ್ವಲ್ಪ ಬೆಲೆಯಿದೆ. ನೂರಾರು ಸೈಟುಗಳನ್ನು ಒಂದೇ ಯಂತ್ರಕ್ಕೆ ತುರುಕಿದ ಅಗ್ಗದ ಹೋಸ್ಟಿಂಗ್, ಬಾಗಿಲಲ್ಲಿ ಜನ ಜೋತಾಡುವ ಸಂಜೆ ಬಸ್ಸಿನಂತೆ ತೆವಳೀತು.

ಹಾಗಂತ ದುಬಾರಿ ಹೋಸ್ಟಿಂಗ್ ಕೊಂಡರೆ ಮೊದಲ ಸ್ಥಾನ ಗ್ಯಾರಂಟಿಯೇ? ಇಲ್ಲ ಸ್ವಾಮಿ! ಅಂಥ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ಲೇ ಹೇಳಿದೆ. ಒಳ್ಳೆಯ ಮಳಿಗೆ ಹಿಡಿದ ಮಾತ್ರಕ್ಕೆ ವ್ಯಾಪಾರ ಆಗದು. ಒಳಗೆ ಮಾಲು ಬೇಕು. ಊರು 2021ರಲ್ಲೇ ವಿಜಯನಗರ ಜಿಲ್ಲೆಗೆ ಸೇರಿದರೂ ಸೈಟಿನ ವಿಳಾಸದಲ್ಲಿ ಹಳೇ ದಾವಣಗೆರೆ ಜಿಲ್ಲೆಯೇ ಕೂತಿದ್ದರೆ ಯಾವ ಸರ್ವರ್ ತಾನೇ ಏನು ಮಾಡೀತು?

ದುಡ್ಡು ಎಣಿಸುವ ಮುನ್ನ ಮೂರು ಮಾತು ಕೇಳಿ: ತಿಂಗಳಲ್ಲಿ ಎಷ್ಟು ಹೊತ್ತು ಬಂದ್ ಆಗುತ್ತದೆ? ಕೆಟ್ಟರೆ ಫೋನ್ ಎತ್ತುವವರು ಯಾರು? ಎರಡನೇ ವರ್ಷದ ಬಾಡಿಗೆ ಎಷ್ಟು? 'ಫಸ್ಟ್ ಪೇಜ್ ಗ್ಯಾರಂಟಿ' ಎಂದವನಿಗೆ ಚಹಾ ಕುಡಿಸಿ ಕಳಿಸಿ. ಚೆಕ್ ಮಾತ್ರ ಬರೆಯಬೇಡಿ.